ಮ್ಯಾಗ್ನೆಟ್ ಸೋತಿತೆಂದು ಎಂಜಿನ್ ಗುಜರಿಗೆ ಹಾಕಬೇಡಿ

ಕರೆಂಟ್ ಇಲ್ಲದ ಹೊಲದಲ್ಲಿ ನೀರೆತ್ತಬೇಕೆಂದರೆ ಸಣ್ಣ ಎಂಜಿನ್ನೇ ಗತಿ. ಅದು ಬೇಕಾಗುವುದು ವರ್ಷಕ್ಕೆ ನಾಲ್ಕೈದು ದಿನ ಮಾತ್ರ. ಆದರೆ ಆ ನಾಲ್ಕೈದು ದಿನವೇ ಬೆಳೆಯ ಜೀವ. ಶೇಂಗಾ ಹೂವಾಗಿ, ಸೂಜಿ ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ನೀರು ಕೊಟ್ಟವನಿಗೆ ಕಾಯಿ, ಕೊಡದವನಿಗೆ ಬರೀ ಹೊಟ್ಟು. ಅಂಥ ದಿನ ಎಂಜಿನ್ ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋದರೂ ಅದು 'ಬುಸ್' ಎಂದು ಸುಮ್ಮನಾದರೆ ಏನು ಮಾಡುವುದು?

ನಮ್ಮದು ಚಳ್ಳಕೆರೆ ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಕೃಷಿಹೊಂಡಗಳು ಹೆಚ್ಚಾದವು. ಹೊಂಡವೇನೋ ಆಯಿತು, ನೀರೆತ್ತುವುದಕ್ಕೆ ಕೆಲವರು ಡೀಸೆಲ್ ಎಂಜಿನ್ ತಂದರು. ನಾನು ಅಟ್ಟದ ಕೆಳಗೆ ಬಿದ್ದಿದ್ದ ಹಳೇ ಪೆಟ್ರೋಲ್ ಎಂಜಿನ್ನನ್ನು ಹೊರಗೆ ಎಳೆದೆ. ನಮ್ಮಪ್ಪ ತೆರೆದಬಾವಿಗೆಂದು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದ, ಇಂಗ್ಲೆಂಡಿನಲ್ಲಿ ತಯಾರಾದ ಒಂದೂವರೆ ಎಚ್.ಪಿ. ಎಂಜಿನ್ ಅದು. ಬಾವಿ ಬತ್ತಿತು, ಎಂಜಿನ್ ಮೂಲೆ ಸೇರಿತು.

ಪಟ್ಟಣದ ಒಬ್ಬ ರಿಪೇರಿಯವರಿಗೆ ತೋರಿಸಿದೆ. ಹ್ಯಾಂಡಲ್ ಎರಡು ಸಾರಿ ತಿರುಗಿಸಿ, "ಮ್ಯಾಗ್ನೆಟ್ ಸತ್ತೋಗೈತೆ ಕಣಣ್ಣ. ಹೊಸ ಮ್ಯಾಗ್ನೆಟೋ ಸಿಕ್ಕಲ್ಲ, ಸಿಕ್ಕಿದ್ರೂ ಎಂಜಿನ್ ಬೆಲೆಗಿಂತ ಜಾಸ್ತಿ. ತೂಕಕ್ಕೆ ಹಾಕ್ಬಿಡು" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಮ್ಯಾಗ್ನೆಟ್ ಸೋತಿತ್ತು. ಆದರೆ ಸೋತ ಮ್ಯಾಗ್ನೆಟ್ಟಿಗೆ ಮತ್ತೆ ಶಕ್ತಿ ತುಂಬಬಹುದು. ಅದಕ್ಕೆ ಬೇಕಾದ್ದು ತಾಮ್ರದ ತಂತಿ, ಎರಡು ಕಬ್ಬಿಣದ ತುಂಡು, ಟ್ರ್ಯಾಕ್ಟರಿನ ಬ್ಯಾಟರಿ. ಇದನ್ನು ಮಾಡುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಯಾವಾಗ ಮಾಡಬೇಕು, ಯಾವಾಗ ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮ್ಯಾಗ್ನೆಟೋ ಕೆಲಸ ಮಾಡುವ ಬಗೆ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಅದಕ್ಕೆ ಮ್ಯಾಗ್ನೆಟೋ ಇಲ್ಲ. ಆದ್ದರಿಂದ ಈ ಲೇಖನ ಪೆಟ್ರೋಲ್ ಎಂಜಿನ್, ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್, ಪವರ್ ಸ್ಪ್ರೇಯರ್ ಇಟ್ಟುಕೊಂಡವರಿಗೆ.

ಸೈಕಲ್ಲಿನ ಡೈನಮೋ ಎಲ್ಲರೂ ನೋಡಿದ್ದೇವೆ. ಒಳಗೆ ಅಯಸ್ಕಾಂತ ತಿರುಗುತ್ತದೆ, ಪಕ್ಕದಲ್ಲಿ ತಂತಿಯ ಸುರುಳಿ ಇರುತ್ತದೆ, ಕರೆಂಟ್ ಹುಟ್ಟುತ್ತದೆ. ನಿಧಾನ ತುಳಿದರೆ ದೀಪ ಮಂಕು, ಜೋರಾಗಿ ತುಳಿದರೆ ಝಗ್ ಎನ್ನುತ್ತದೆ. ಮ್ಯಾಗ್ನೆಟೋ ಕೂಡ ಇದೇ ಜಾತಿಯದು. ಬ್ಯಾಟರಿ ಬೇಡ, ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಇದರಲ್ಲಿ ಎರಡು ಸುರುಳಿಗಳಿರುತ್ತವೆ. ಒಳಗಿನದು ದಪ್ಪ ತಂತಿಯದು, ಕೆಲವೇ ನೂರು ಸುತ್ತು. ಅದರ ಮೇಲೆ ಕೂದಲಿನಷ್ಟು ಸಣ್ಣ ತಂತಿ, ಸಾವಿರಾರು ಸುತ್ತು. ಅಯಸ್ಕಾಂತದ ಬಲ ದಿಕ್ಕು ಬದಲಿಸುವ ಹೊತ್ತಿಗೆ ದಪ್ಪ ತಂತಿಯಲ್ಲಿ ಕರೆಂಟ್ ತುಂಬಿಕೊಳ್ಳುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಸಿ.ಬಿ. ಪಾಯಿಂಟ್ ಬಾಯಿಬಿಟ್ಟು ಕರೆಂಟನ್ನು ಕತ್ತರಿಸುತ್ತದೆ. ಹರಿಯುವ ನೀರಿಗೆ ತಟ್ಟನೆ ತೂಬು ಮುಚ್ಚಿದಂತೆ. ಆ ಹೊಡೆತಕ್ಕೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ನೋಡಿಕೊಳ್ಳುವುದು ಕಂಡೆನ್ಸರ್.

ಇಲ್ಲೊಂದು ಮಾತು ನೆನಪಿಡಿ. ಎಂಜಿನ್ ಜೋರಾಗಿ ತಿರುಗುವಾಗ ಸೋತ ಮ್ಯಾಗ್ನೆಟ್ ಕೂಡ ಸಾಕಷ್ಟು ಕಿಡಿ ಕೊಡುತ್ತದೆ. ಕಷ್ಟ ಬರುವುದು ಶುರು ಮಾಡುವಾಗ, ನಮ್ಮ ಕೈಯಿಂದ ನಿಧಾನ ತಿರುಗುವಾಗ. ಸೈಕಲ್ ದೀಪದ ಲೆಕ್ಕವೇ ಇಲ್ಲಿಯದೂ.

ಸ್ವಲ್ಪ ಹಳೇ ಕಥೆ

ಈ ವಿದ್ಯೆ ನಮ್ಮ ಅಜ್ಜಂದಿರ ಕಾಲಕ್ಕಿಂತ ಹಳೆಯದು. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ಒಂದು ಕಡೆ ನಿಂತು ಓಡುವ ಗ್ಯಾಸ್ ಎಂಜಿನ್ನಿಗೆ ಮ್ಯಾಗ್ನೆಟೋ ಮಾಡಿದ. 1897ರಲ್ಲಿ ಅದನ್ನು ಮೋಟಾರು ಗಾಡಿಗೆ ಹೊಂದಿಸಲಾಯಿತು. ಅವನ ಕಾರ್ಖಾನೆಯ ಗಾಟ್ಲಾಬ್ ಹೊನೋಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಪ್ಲಗ್ಗಿಗೇ ನೇರವಾಗಿ ಕಿಡಿ ಕೊಡುವ, ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ತಂದ. ನಮ್ಮ ಹಳೇ ಎಂಜಿನ್ನುಗಳಲ್ಲಿ ಇರುವುದು ಆ ವಂಶದ್ದೇ.

ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಮಾಡಿದ 'ಮಾಡೆಲ್ ಟಿ' ಕಾರು ಒಂದೂವರೆ ಕೋಟಿ ತಯಾರಾಯಿತು. ಅದರ ಫ್ಲೈವೀಲಿಗೆ 16 ಮ್ಯಾಗ್ನೆಟ್ಟುಗಳನ್ನು ಬೋಲ್ಟ್ ಹಾಕಿ ಬಿಗಿದಿದ್ದರು, ಎದುರಿಗೆ 16 ಸುರುಳಿಗಳು. 1917ರಿಂದ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೂ ಇದೇ ಬಗೆಯ ಮ್ಯಾಗ್ನೆಟೋ ಇತ್ತು. ಈ ಮ್ಯಾಗ್ನೆಟ್ಟುಗಳು ಸೋತಾಗ ಅಲ್ಲಿನ ಜನ ಎಂಜಿನ್ ಬಿಚ್ಚದೆ, ಫ್ಲೈವೀಲನ್ನು ಸರಿಯಾದ ಜಾಗಕ್ಕೆ ತಿರುಗಿಸಿ ನಿಲ್ಲಿಸಿ, ಆ 16 ಸುರುಳಿಗಳಿಗೇ ಬ್ಯಾಟರಿಯ ಕರೆಂಟ್ ಕೊಟ್ಟು ಮತ್ತೆ ಶಕ್ತಿ ತುಂಬುತ್ತಿದ್ದರು. ಹಳೇ ಕಾರು ಸಾಕಿಕೊಂಡವರು ಇಂದಿಗೂ ಹಾಗೆ ಮಾಡುತ್ತಾರೆ. ಅದೇ ಕಾರಿನ ಇನ್ನೊಂದು ಪಾಠವೂ ಉಂಟು. ಮ್ಯಾಗ್ನೆಟೋದ ತುದಿಗೆ ಯಾರಾದರೂ ತಿಳಿಯದೆ ಬ್ಯಾಟರಿ ಕಟ್ಟಿದರೆ, ಉಲ್ಟಾ ಕರೆಂಟಿನಿಂದ ಒಳ್ಳೆಯ ಮ್ಯಾಗ್ನೆಟ್ಟೂ ಸೋಲುತ್ತದೆ. ಅಂದರೆ ಕರೆಂಟಿನಿಂದ ಶಕ್ತಿ ತುಂಬಲೂಬಹುದು, ಕಳೆಯಲೂಬಹುದು. ದಿಕ್ಕು ಮುಖ್ಯ.

ಮ್ಯಾಗ್ನೆಟ್ ಸೋಲುವುದು ಯಾಕೆ?

ಸುಮ್ಮನೆ ಓಡಿದ್ದರಿಂದ ಮ್ಯಾಗ್ನೆಟ್ ಅಷ್ಟು ಬೇಗ ಸವೆಯುವುದಿಲ್ಲ. ಹೆಚ್ಚಾಗಿ ನಮ್ಮ ಕೈಯಿಂದಲೇ ಅದಕ್ಕೆ ಕೇಡು.

ಒಂದು, ಬಿಚ್ಚಿ ಒಂಟಿಯಾಗಿ ಇಡುವುದು. ಲಾಳದ ಆಕಾರದ ಹಳೇ ಉಕ್ಕಿನ ಮ್ಯಾಗ್ನೆಟ್ಟಿನ ಎರಡು ಕಾಲಿನ ನಡುವೆ ಯಾವಾಗಲೂ ಕಬ್ಬಿಣದ ದಾರಿ ಇರಬೇಕು. ಮ್ಯಾಗ್ನೆಟೋದಲ್ಲಿ ಕೂತಿರುವಾಗ ಒಳಗಿನ ಕಬ್ಬಿಣವೇ ಆ ದಾರಿ. ಬಿಚ್ಚಿದ ಕೂಡಲೇ ಎರಡು ಕಾಲಿಗೂ ತಾಗುವಂತೆ ಒಂದು ಕಬ್ಬಿಣದ ಪಟ್ಟಿ ಅಂಟಿಸಬೇಕು. ಮೆಕ್ಯಾನಿಕ್‌ಗಳು ಇದನ್ನು ಕೀಪರ್ ಎನ್ನುತ್ತಾರೆ. ನಮ್ಮ ಎಂಜಿನ್ನಿನ ಕತೆಯೂ ಇದೇ. ಅಪ್ಪನ ಕಾಲದಲ್ಲಿ ತೊಳೆಯಲೆಂದು ಬಿಚ್ಚಿದ ಒಬ್ಬ ರಿಪೇರಿಯವನು ಎರಡೂ ಲಾಳಗಳನ್ನು ಸ್ಪ್ಯಾನರ್ ಡಬ್ಬಿಯೊಳಗೆ ಹಾಕಿ ಹೋಗಿದ್ದ. ವರ್ಷಗಟ್ಟಲೆ ಅವು ಹಾಗೇ ಇದ್ದವು.

ಎರಡು, ಸುತ್ತಿಗೆ ಹೊಡೆತ. ಫ್ಲೈವೀಲ್ ಬರಲಿಲ್ಲವೆಂದು ಧಡ್ ಧಡ್ ಬಾರಿಸುವುದು, ನೆಲಕ್ಕೆ ಬೀಳಿಸುವುದು. ಫ್ಲೈವೀಲ್ ಬಿಚ್ಚಲು ಪುಲ್ಲರ್ ಬಳಸಿ.

ಮೂರು, ಬೆಂಕಿ. ಬಿಗಿಯಾಗಿದೆ ಎಂದು ಗ್ಯಾಸಿನ ಜ್ವಾಲೆ ಹಿಡಿಯುವುದು, ಪಕ್ಕದಲ್ಲೇ ವೆಲ್ಡಿಂಗ್ ಮಾಡುವುದು.

ನಾಲ್ಕು, ಬೇರೆ ಬಲವಾದ ಮ್ಯಾಗ್ನೆಟ್ಟಿನ ಎದುರಿಗೆ ಉಲ್ಟಾ ಇಡುವುದು, ಅಥವಾ ಮೇಲೆ ಹೇಳಿದಂತೆ ಬ್ಯಾಟರಿ ಕಟ್ಟಿ 'ಟೆಸ್ಟ್' ಮಾಡುವುದು.

ಮೊದಲು ಬೇರೆಯದನ್ನು ನೋಡಿ

ಸೋತ ಮ್ಯಾಗ್ನೆಟ್ಟಿನ ಲಕ್ಷಣ ಹೀಗೆ: ಕೈಯಿಂದ ಶುರುವಾಗುವುದು ಬಲು ಕಷ್ಟ, ಒಮ್ಮೆ ಶುರುವಾದರೆ ಚೆನ್ನಾಗಿ ಓಡುತ್ತದೆ, ಕಿಡಿ ನೀಲಿಯಾಗಿ ಚಟ್ ಎನ್ನದೆ ಸಣ್ಣಗೆ ಹಳದಿಯಾಗಿ ಕಾಣುತ್ತದೆ. ಆದರೆ ಕೊಳಕು ಪಾಯಿಂಟ್, ಕೆಟ್ಟ ಕಂಡೆನ್ಸರ್, ಬಾಯಿ ಅಗಲವಾದ ಪ್ಲಗ್, ಇವಕ್ಕೂ ಇದೇ ಲಕ್ಷಣ! ಆದ್ದರಿಂದ ಮ್ಯಾಗ್ನೆಟ್ಟಿನ ಮೇಲೆ ಅನುಮಾನ ಕೊನೆಗೆ ಬರಲಿ. ನನ್ನ ಹತ್ತಿರ "ಮ್ಯಾಗ್ನೆಟ್ ಹೋಗೈತೆ" ಎಂದು ತಂದವುಗಳಲ್ಲಿ ಹೆಚ್ಚಿನವು ಪಾಯಿಂಟ್ ಉಜ್ಜಿದ ಕೂಡಲೇ ಎದ್ದು ಓಡಿವೆ. ಈ ವರಸೆಯಲ್ಲಿ ನೋಡುತ್ತ ಬನ್ನಿ:

1. ಪ್ಲಗ್: ಬಿಚ್ಚಿ, ಮಸಿ ತೆಗೆದು, ಬಾಯಿ ಅರ್ಧ ಮಿ.ಮೀ. ಆಸುಪಾಸು ಇರುವಂತೆ ಮಾಡಿ. ಹೊಸ ಪ್ಲಗ್ ಒಂದನ್ನು ಹಾಕಿ ನೋಡುವುದು ಇನ್ನೂ ಒಳ್ಳೆಯದು.

2. ಪ್ಲಗ್ ವಯರ್: ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ ಕಿಡಿ ದಾರಿಯಲ್ಲೇ ಸೋರಿ ಹೋಗುತ್ತದೆ. ಕತ್ತಲಲ್ಲಿ ತಿರುಗಿಸಿ ನೋಡಿದರೆ ಸೋರುವ ಜಾಗ ಕಣ್ಣಿಗೆ ಬೀಳುತ್ತದೆ.

3. ನಿಲ್ಲಿಸುವ ಸ್ವಿಚ್ಚಿನ ವಯರ್: ಇದರ ಸಿಪ್ಪೆ ಹರಿದು ಎಂಜಿನ್ ಮೈಗೆ ತಾಗಿದ್ದರೆ ಕಿಡಿಯೇ ಬರುವುದಿಲ್ಲ. ಬಿಚ್ಚಿಟ್ಟು ನೋಡಿ.

4. ಸಿ.ಬಿ. ಪಾಯಿಂಟ್: ಸಾಣೆಕಲ್ಲಿನ ತೆಳು ತುಂಡಿನಿಂದ ಮೆಲ್ಲಗೆ ಉಜ್ಜಿ. ಆಮೇಲೆ ಸ್ವಚ್ಛ ಕಾಗದದ ಪಟ್ಟಿ ನಡುವೆ ಸಿಕ್ಕಿಸಿ ಎಳೆಯಿರಿ. ಎಣ್ಣೆ ಜಿಡ್ಡು ಉಳಿಯಬಾರದು. ಪೂರ್ತಿ ತೆರೆದಾಗ ಬಾಯಿ 0.3ರಿಂದ 0.4 ಮಿ.ಮೀ. ಇರಲಿ. ಎಂಜಿನ್ನಿನ ಪುಸ್ತಕವಿದ್ದರೆ ಅದರ ಅಳತೆಯೇ ಸರಿ.

5. ಕಂಡೆನ್ಸರ್: ತಿರುಗಿಸುವಾಗ ಪಾಯಿಂಟಿನ ಬಾಯಲ್ಲಿ ದೊಡ್ಡ ಕಿಡಿ ಹಾರುತ್ತಿದ್ದರೆ, ಪಾಯಿಂಟ್ ಗುಳಿ ಬಿದ್ದಿದ್ದರೆ ಕಂಡೆನ್ಸರ್ ಬದಲಿಸಿ. ಇದು ಕಡಿಮೆ ಬೆಲೆಯ ಸಾಮಾನು.

6. ಇಂಪಲ್ಸ್: ಕೆಲವು ಮ್ಯಾಗ್ನೆಟೋಗಳಲ್ಲಿ ಸ್ಪ್ರಿಂಗ್ ಇರುವ ಒಂದು ಕೊಂಡಿ ಇರುತ್ತದೆ. ನಿಧಾನ ತಿರುಗಿಸಿದರೂ ಅದು ಮ್ಯಾಗ್ನೆಟೋವನ್ನು ತಡೆದು, 'ಟಕ್' ಎಂದು ಜೋರಾಗಿ ಬಿಡುತ್ತದೆ. ಹ್ಯಾಂಡಲ್ ತಿರುಗಿಸುವಾಗ ಆ ಟಕ್ ಟಕ್ ಸದ್ದು ಕೇಳದಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಹಳೇ ಗ್ರೀಸ್ ಗಟ್ಟಿಯಾಗಿ ಕಚ್ಚಿಕೊಂಡಿದೆ.

7. ಫ್ಲೈವೀಲ್ ಮ್ಯಾಗ್ನೆಟೋ ಆದರೆ ಕಾಯಿಲಿನ ಕಬ್ಬಿಣಕ್ಕೂ ಫ್ಲೈವೀಲಿಗೂ ಇರುವ ಸಂದು ನೋಡಿ. ಸಾಮಾನ್ಯವಾಗಿ ಒಂದು ಪೋಸ್ಟ್‌ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು ಕಾಲು ಮಿ.ಮೀ. ಇದ್ದರೆ ಸಾಕು. ಕಾರ್ಡನ್ನು ನಡುವೆ ಇಟ್ಟು, ಮ್ಯಾಗ್ನೆಟ್ ಕಾಯಿಲನ್ನು ಎಳೆದುಕೊಂಡಾಗ ಸ್ಕ್ರೂ ಬಿಗಿದು, ಕಾರ್ಡ್ ಎಳೆದುಬಿಡಿ. ಫ್ಲೈವೀಲಿನ ಚಾವಿ ಅರ್ಧ ಕತ್ತರಿಸಿದ್ದರೆ ಕಿಡಿ ಬರುತ್ತದೆ, ಆದರೆ ಹೊತ್ತಲ್ಲದ ಹೊತ್ತಿಗೆ ಬರುತ್ತದೆ. ಅದನ್ನೂ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಕಿಡಿ ಬಡವಾದರೆ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಾಯಿಲ್ ಪರೀಕ್ಷೆ ಮಾಡಿಸಿ. ಅದೂ ಸರಿ ಎಂದಾದರೆ ಮಾತ್ರ ಮ್ಯಾಗ್ನೆಟ್ಟಿನ ಸರದಿ.

ಮ್ಯಾಗ್ನೆಟ್ಟಿನ ಬಲ ನೋಡುವ ಸುಲಭ ಉಪಾಯವಿದೆ. ಫ್ಲೈವೀಲ್ ಆದರೆ ಸ್ಕ್ರೂಡ್ರೈವರಿನ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ತುದಿಯನ್ನು ಮ್ಯಾಗ್ನೆಟ್ಟಿನಿಂದ ಮುಕ್ಕಾಲು ಇಂಚು ದೂರಕ್ಕೆ ತನ್ನಿ. ಒಳ್ಳೆಯ ಮ್ಯಾಗ್ನೆಟ್ ಅದನ್ನು ಎಳೆದುಕೊಳ್ಳುತ್ತದೆ. ಲಾಳದ ಮ್ಯಾಗ್ನೆಟ್ ಆದರೆ ಒಂದು ಕಬ್ಬಿಣದ ಪಟ್ಟಿಯನ್ನು ಎರಡೂ ಕಾಲಿಗೆ ಅಂಟಿಸಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ಎಳೆದು, ಎಷ್ಟು ಕೆ.ಜಿ.ಗೆ ಬಿಟ್ಟಿತೆಂದು ಬರೆದಿಟ್ಟುಕೊಳ್ಳಿ. ಚಾರ್ಜ್ ಆದ ಮೇಲೆ ಅದೇ ಪಟ್ಟಿಯಿಂದ ಮತ್ತೆ ಎಳೆದು ನೋಡಿದರೆ ಫಲ ಎಷ್ಟೆಂದು ಗೊತ್ತಾಗುತ್ತದೆ.

ಎಲ್ಲ ಮ್ಯಾಗ್ನೆಟ್ಟಿಗೂ ಇದು ನಡೆಯದು

ಲಾಳದ ಆಕಾರದ, ಉದ್ದ ಕಾಲಿನ ಹಳೇ ಮ್ಯಾಗ್ನೆಟ್ಟುಗಳು ಉಕ್ಕಿನವು. ಉಕ್ಕಿಗೆ ಟಂಗ್‌ಸ್ಟನ್, ಕ್ರೋಮಿಯಂ ಅಥವಾ ಕೋಬಾಲ್ಟ್ ಬೆರೆಸಿ ಮಾಡಿದ್ದು. ಇವು ಬೇಗ ಸೋಲುತ್ತವೆ, ಅಷ್ಟೇ ಸುಲಭವಾಗಿ ತುಂಬಿಕೊಳ್ಳುತ್ತವೆ. ಊರಿನಲ್ಲಿ ಮಾಡಿದ ಚಾರ್ಜರ್ ಇವಕ್ಕೆ ಸಾಕು.

1931ರಲ್ಲಿ ಜಪಾನಿನ ಮಿಶಿಮಾ ಎಂಬ ವಿಜ್ಞಾನಿ ಕಬ್ಬಿಣಕ್ಕೆ ನಿಕ್ಕಲ್, ಅಲ್ಯುಮಿನಿಯಂ ಬೆರೆಸಿ ಬಲವಾದ ಮ್ಯಾಗ್ನೆಟ್ ಮಾಡಿದ. ಅದಕ್ಕೆ ಕೋಬಾಲ್ಟ್ ಸೇರಿಸಿ ಬೆಳೆದ ಜಾತಿಯೇ ಆಲ್ನಿಕೋ. ಇದು ಗಿಡ್ಡಗೆ ದಪ್ಪಗೆ ಇರುತ್ತದೆ. ತಿರುಗುವ ಮ್ಯಾಗ್ನೆಟ್ ಇರುವ ಮ್ಯಾಗ್ನೆಟೋಗಳಲ್ಲಿ, ಹಲವು ಹಳೇ ಫ್ಲೈವೀಲುಗಳಲ್ಲಿ ಇದೇ ಇದೆ. ಇದಕ್ಕೆ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಬಲ ಬೇಕು. ನಮ್ಮ ಸಣ್ಣ ಚಾರ್ಜರಿನಿಂದ ಅರೆಬರೆ ತುಂಬಬಹುದು, ಪೂರ್ತಿ ಆಗದು. ಮ್ಯಾಗ್ನೆಟ್ ಚಾರ್ಜಿಂಗ್ ಯಂತ್ರ ಇಟ್ಟಿರುವ ಪೇಟೆಯ ವರ್ಕ್‌ಶಾಪಿಗೇ ಒಯ್ಯುವುದು ವಾಸಿ.

ಈಗಿನ ಸ್ಪ್ರೇಯರ್, ಸಣ್ಣ ಪಂಪುಗಳ ಫ್ಲೈವೀಲಿನಲ್ಲಿ ರೇಡಿಯೋ ಸ್ಪೀಕರಿನಲ್ಲಿರುವಂಥ ಕಪ್ಪು ಫೆರೈಟ್ ಅಥವಾ ಅದಕ್ಕಿಂತ ಬಲವಾದ ಹೊಸ ಜಾತಿಯ ಮ್ಯಾಗ್ನೆಟ್ ಇರುತ್ತದೆ. ಇವು ಸುಲಭಕ್ಕೆ ಸೋಲುವುದಿಲ್ಲ, ಸೋತರೆ ಊರಿನಲ್ಲಿ ತುಂಬಲಾಗುವುದೂ ಇಲ್ಲ. ಪಾಯಿಂಟೂ ಇರುವುದಿಲ್ಲ, ಎಲೆಕ್ಟ್ರಾನಿಕ್ ಕಾಯಿಲ್ ಇರುತ್ತದೆ. ಅಂಥದ್ದಕ್ಕೆ ಯಾರಾದರೂ "ಮ್ಯಾಗ್ನೆಟ್ ಚಾರ್ಜ್ ಮಾಡಿಸ್ಬೇಕು" ಎಂದರೆ ಒಪ್ಪಬೇಡಿ. ಮ್ಯಾಗ್ನೆಟ್ ಒಡೆದಿದೆಯೋ, ಅಂಟು ಬಿಟ್ಟು ಸಡಿಲವಾಗಿದೆಯೋ ನೋಡಿ. ಅದಿಲ್ಲವಾದರೆ ಕಾಯಿಲ್, ಪೋಸ್ಟ್‌ಕಾರ್ಡ್ ಸಂದು ನೋಡಿ.

ಚಾರ್ಜರ್ ಮಾಡಿಕೊಳ್ಳುವುದು

ನಾನು ಬಳಸುವ ಚಾರ್ಜರಿನ ಅಳತೆ ಕೊಡುತ್ತೇನೆ.

ಎರಡು ಇಂಚು ದಪ್ಪದ ಎಂ.ಎಸ್. ರಾಡಿನ ಎರಡು ತುಂಡು, ಒಂದೊಂದೂ ನಾಲ್ಕೂವರೆ ಇಂಚು ಎತ್ತರ. ಅಡಿಗೆ ಒಂದು ಇಂಚು ದಪ್ಪ, ಮೂರು ಇಂಚು ಅಗಲ, ಆರೂವರೆ ಇಂಚು ಉದ್ದದ ಎಂ.ಎಸ್. ಪಟ್ಟಿ. ರಾಡುಗಳ ಎರಡೂ ಮುಖಗಳನ್ನು ಲೇತಿನಲ್ಲಿ ಮಟ್ಟಸ ಮಾಡಿಸಿ, ಪಟ್ಟಿಯ ಅಡಿಯಿಂದ ಬೋಲ್ಟ್ ಹಾಕಿ ಎರಡು ಕಂಬದಂತೆ ನಿಲ್ಲಿಸಬೇಕು. ನಡುವಿನಿಂದ ನಡುವಿಗೆ ಮೂರೂಕಾಲು ಇಂಚು ಅಂತರ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಬಣ್ಣ, ತುಕ್ಕು, ಸಂದು ಯಾವುದೂ ಇರಬಾರದು. ಕೂದಲೆಳೆಯ ಸಂದೂ ಬಲವನ್ನು ತಿನ್ನುತ್ತದೆ.

ತಂತಿ 14 ಗೇಜಿನ ಎನಾಮಲ್ ಹಚ್ಚಿದ ತಾಮ್ರ, ಅಂದರೆ ಎರಡು ಮಿ.ಮೀ. ದಪ್ಪದ್ದು. ಒಂದೊಂದು ಕಂಬಕ್ಕೆ 200 ಸುತ್ತು. ಒಂದು ವರಸೆಗೆ 45ರಷ್ಟು ಸುತ್ತು ಹಿಡಿಯುತ್ತದೆ, ಐದನೇ ವರಸೆಯಲ್ಲಿ ಮುಗಿಯುತ್ತದೆ. ಕಂಬಕ್ಕೂ ತಂತಿಗೂ ನಡುವೆ, ಪ್ರತಿ ವರಸೆಯ ನಡುವೆ ವೈಂಡಿಂಗ್ ಅಂಗಡಿಯವರು ಬಳಸುವ ಕಾಗದ ಸುತ್ತಿ. ಎರಡೂ ಸೇರಿ ಎಂಬತ್ತು ಮೀಟರ್ ತಂತಿ, ತೂಕ ಸುಮಾರು ಎರಡೂವರೆ ಕೆ.ಜಿ.

ಎರಡೂ ಸುರುಳಿಯನ್ನು ಬುಡದಿಂದ ಶುರು ಮಾಡಿ, ಒಂದೇ ದಿಕ್ಕಿಗೆ ಸುತ್ತಿ, ಮೇಲೆ ಮುಗಿಸಿ. ಆಮೇಲೆ ಬುಡದ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ. ಮೇಲಿನ ಎರಡು ತುದಿಗಳು ಬ್ಯಾಟರಿಗೆ. ಹೀಗೆ ಮಾಡಿದರೆ ಒಂದು ಕಂಬದ ತಲೆ ಉತ್ತರ ಧ್ರುವ, ಇನ್ನೊಂದರ ತಲೆ ದಕ್ಷಿಣ ಧ್ರುವ ಆಗುತ್ತದೆ. ದಿಕ್ಸೂಚಿ ಹಿಡಿದು ಖಾತ್ರಿ ಮಾಡಿಕೊಳ್ಳಿ. ಒಂದು ಕಂಬ ಮುಳ್ಳಿನ ಬಣ್ಣದ ತುದಿಯನ್ನು ಎಳೆದರೆ, ಇನ್ನೊಂದು ಬಿಳಿ ತುದಿಯನ್ನು ಎಳೆಯಬೇಕು.

12 ವೋಲ್ಟಿನ ಒಂದು ಬ್ಯಾಟರಿಗೆ ಇದು ಸುಮಾರು 25 ಆಂಪಿಯರ್ ಎಳೆಯುತ್ತದೆ. ಟಂಗ್‌ಸ್ಟನ್, ಕ್ರೋಮಿಯಂ ಉಕ್ಕಿಗೆ ಇಷ್ಟು ಸಾಕು. ಕೋಬಾಲ್ಟ್ ಉಕ್ಕಾದರೆ ಎರಡು ಬ್ಯಾಟರಿ ಸಾಲಾಗಿ ಕಟ್ಟಿ 24 ವೋಲ್ಟ್ ಕೊಡಬೇಕು. ಯಾವ ಉಕ್ಕೆಂದು ಗೊತ್ತಾಗದಿದ್ದರೆ 24 ವೋಲ್ಟೇ ಕೊಡಿ, ಜಾಸ್ತಿಯಾಗಿ ಮ್ಯಾಗ್ನೆಟ್ ಕೆಡುವುದಿಲ್ಲ. ಸ್ವಿಚ್ಚಿಗೆ ಟ್ರ್ಯಾಕ್ಟರಿನ ಹಳೇ ಸ್ಟಾರ್ಟರ್ ಸೊಲೆನಾಯ್ಡ್ ಒಳ್ಳೆಯದು. ಮನೆಯ ದೀಪದ ಸ್ವಿಚ್ ಸುಟ್ಟುಹೋಗುತ್ತದೆ.

ಚಾರ್ಜ್ ಮಾಡುವ ಕ್ರಮ

ಮೊದಲ ಕೆಲಸ ಗುರುತು ಹಾಕುವುದು. ಮ್ಯಾಗ್ನೆಟ್ ಬಿಚ್ಚುವ ಮುಂಚೆಯೇ ಯಾವ ಕಾಲು ಯಾವ ಕಡೆಗಿತ್ತೆಂದು ಬಣ್ಣದ ಚುಕ್ಕೆ ಇಡಿ. ಒಂದು ಮ್ಯಾಗ್ನೆಟೋದಲ್ಲಿ ಎರಡು ಮೂರು ಲಾಳಗಳು ಅಕ್ಕಪಕ್ಕ ಇದ್ದರೆ, ಎಲ್ಲದರ ಉತ್ತರದ ಕಾಲು ಒಂದೇ ಕಡೆ ಇರಬೇಕು. ಒಂದು ಉಲ್ಟಾ ಆದರೂ ಇನ್ನೊಂದರ ಬಲವನ್ನು ಅದು ಕೊಲ್ಲುತ್ತದೆ.

ಲಾಳವನ್ನು ಮೇಲಕ್ಕೆ ಎಳೆದು ತೆಗೆಯುವಾಗಲೇ ಕಾಲುಗಳ ನಡುವೆ ಕೀಪರ್ ಪಟ್ಟಿ ಜಾರಿಸಿ. ಕಾಲಿನ ಮುಖಗಳ ತುಕ್ಕು ಒರೆಸಿ.

ದಿಕ್ಸೂಚಿಯನ್ನು ಒಂದು ಕಾಲಿನ ಬಳಿ ತನ್ನಿ. ಮುಳ್ಳಿನ ಬಣ್ಣದ ತುದಿಯನ್ನು ಎಳೆಯುವ ಕಾಲು, ಚಾರ್ಜರಿನಲ್ಲಿ ಬಿಳಿ ತುದಿಯನ್ನು ಎಳೆಯುವ ಕಂಬದ ಮೇಲೆ ಕೂರಬೇಕು. ಇದನ್ನು ಎರಡು ಸಾರಿ ನೋಡಿ. ದಿಕ್ಸೂಚಿಯನ್ನು ಮ್ಯಾಗ್ನೆಟ್ಟಿಗೆ ತೀರಾ ಹತ್ತಿರ ಹಿಡಿದರೆ ಅದರ ಮುಳ್ಳೇ ಉಲ್ಟಾ ಆಗಿಬಿಡುತ್ತದೆ. ನಾಲ್ಕು ಬೆರಳು ದೂರದಲ್ಲಿರಲಿ.

ಲಾಳದ ಕಾಲಿನ ಅಂತರ ಕಂಬದ ಅಂತರಕ್ಕೆ ಸರಿಹೋಗದಿದ್ದರೆ, ಕಂಬದ ತಲೆಯ ಮೇಲೆ ಎರಡು ದಪ್ಪ ಎಂ.ಎಸ್. ತುಂಡು ಇಟ್ಟು ಹೊಂದಿಸಿ. ಆ ತುಂಡುಗಳು ಒಂದಕ್ಕೊಂದು ತಾಗಬಾರದು.

ಲಾಳ ಕೂರಿಸಿ, ಕೀಪರ್ ತೆಗೆದಿಟ್ಟು, ಸ್ವಿಚ್ ಒತ್ತಿ. ಎರಡು ಮೂರು ಸೆಕೆಂಡ್ ಸಾಕು. ಆ ಹೊತ್ತಿನಲ್ಲಿ ಮರದ ಕೊಡತಿಯಿಂದ ಲಾಳದ ಬೆನ್ನಿಗೆ ಮೆಲ್ಲಗೆ ಒಂದೆರಡು ಏಟು ಹಾಕಿ. ಕರೆಂಟ್ ಇರುವಾಗ ಹಾಕುವ ಸಣ್ಣ ಏಟು ಒಳ್ಳೆಯದು, ಇಲ್ಲದಾಗ ಹಾಕುವುದು ಕೆಟ್ಟದ್ದು. ಸ್ವಿಚ್ ಬಿಡಿ, ಅರ್ಧ ನಿಮಿಷ ತಣಿಯಲಿ. ಹೀಗೆ ನಾಲ್ಕೈದು ಸಾರಿ. ಇನ್ನೂ ಹತ್ತು ಸಾರಿ ಮಾಡಿದರೂ ಹೆಚ್ಚಿಗೆ ಏನೂ ಸಿಗದು. ಬಟ್ಟೆ ನೆನೆದ ಮೇಲೆ ಮತ್ತೆ ನೀರು ಹಾಕಿದಂತೆ.

ಕೊನೆಯ ಕೆಲಸ ಎಲ್ಲಕ್ಕಿಂತ ಮುಖ್ಯ. ಲಾಳವನ್ನು ಚಾರ್ಜರಿನ ಮೇಲಿಂದ ಎತ್ತುವ ಮುಂಚೆಯೇ ಎರಡು ಕಾಲಿಗೂ ಅಡ್ಡಲಾಗಿ ಕೀಪರ್ ಅಂಟಿಸಿ, ಆಮೇಲೆ ಎತ್ತಿ. ಮ್ಯಾಗ್ನೆಟೋಗೆ ಕೂರಿಸುವಾಗ ಲಾಳ ಕೆಳಗೆ ಇಳಿಯುತ್ತ ಬಂದಂತೆ ಕೀಪರ್ ಜಾರಿಸಿ ತೆಗೆಯಿರಿ. ಇಲ್ಲಿ ಅವಸರ ಮಾಡಿದರೆ ತುಂಬಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ.

ಎಚ್ಚರಿಕೆಗಳು

ಸ್ವಿಚ್ ಬಿಡುವಾಗ ಸುರುಳಿಯಿಂದ ದೊಡ್ಡ ಕಿಡಿ ಹಾರುತ್ತದೆ, ಷಾಕೂ ಹೊಡೆಯುತ್ತದೆ. ಬರಿಯ ವಯರನ್ನು ಬ್ಯಾಟರಿಗೆ ಮುಟ್ಟಿಸಿ ಬಿಡಿಸುವ ಕೆಲಸ ಬೇಡವೇ ಬೇಡ. ಬ್ಯಾಟರಿಯಿಂದ ಬರುವ ಗ್ಯಾಸಿಗೆ ಕಿಡಿ ತಗುಲಿದರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಬಹುದು. ಸ್ವಿಚ್ ಬ್ಯಾಟರಿಯಿಂದ ಐದಾರು ಅಡಿ ದೂರದಲ್ಲಿರಲಿ, ಕೆಲಸ ಬಯಲಿನಲ್ಲಿ ಮಾಡಿ, ಕನ್ನಡಕ ಹಾಕಿಕೊಳ್ಳಿ.

ಕೈಗಡಿಯಾರ, ಮೊಬೈಲ್, ಎ.ಟಿ.ಎಂ. ಕಾರ್ಡ್ ದೂರವಿಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಬಾರದು. ಬಲವಾದ ಮ್ಯಾಗ್ನೆಟ್ಟಿಗೂ ಕಬ್ಬಿಣಕ್ಕೂ ನಡುವೆ ಬೆರಳು ಸಿಕ್ಕಿಸಬೇಡಿ.

ಕಿಡಿ ಪರೀಕ್ಷೆ ಮಾಡುವಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮುಚ್ಚಿರಲಿ, ಪ್ಲಗ್ ತೂತಿನಿಂದ ದೂರದಲ್ಲಿ ಮಾಡಿ. ಪ್ಲಗ್ ವಯರನ್ನು ಎಂಜಿನ್ ಮೈಯಿಂದ ಐದಾರು ಮಿ.ಮೀ. ದೂರದಲ್ಲಿಟ್ಟು ನೋಡಿ. ಗಾಳಿಯಲ್ಲಿ ನೇತುಬಿಟ್ಟು ತಿರುಗಿಸಿದರೆ ಕಿಡಿಗೆ ಹೋಗಲು ದಾರಿ ಇಲ್ಲದೆ ಕಾಯಿಲಿನ ಒಳಗೇ ಸಿಡಿದು, ಅದು ಸುಟ್ಟುಹೋಗಬಹುದು.

ಫಲ ಮತ್ತು ಖರ್ಚು

ನಮ್ಮ ಎಂಜಿನ್ನಿನ ಎರಡು ಲಾಳಗಳನ್ನು ಹೀಗೆ ಚಾರ್ಜ್ ಮಾಡಿದೆ. ಮೊದಲು ಕೈಯಿಂದ ತಿರುಗಿಸಿದರೆ ಎರಡು ಮಿ.ಮೀ. ಕೂಡ ಹಾರದಿದ್ದ ಕಿಡಿ, ಆಮೇಲೆ ಐದು ಮಿ.ಮೀ. ಸಂದನ್ನು ಚಟ್ ಎಂದು ದಾಟಿತು. ಮೂರನೇ ಸುತ್ತಿಗೆ ಎಂಜಿನ್ ಎದ್ದಿತು. ಆ ವರ್ಷ ಹೊಂಡದ ನೀರು ಎರಡು ಸಾರಿ ಶೇಂಗಾಕ್ಕೆ ಹೋಯಿತು. ಎಂಜಿನ್ ಇಂದಿಗೂ ಓಡುತ್ತಿದೆ. ಸೀಮೆಎಣ್ಣೆಯ ಗೋಜು ಬಿಟ್ಟು ಪೆಟ್ರೋಲಿನಲ್ಲೇ ಓಡಿಸುತ್ತೇನೆ.

ಖರ್ಚಿನಲ್ಲಿ ದೊಡ್ಡದು ತಾಮ್ರದ ತಂತಿ. ಆದರೆ ಅದು ಹಾಳಾಗುವ ಹಣವಲ್ಲ, ಬೇಡವಾದ ದಿನ ತೂಕಕ್ಕೆ ಮಾರಬಹುದು. ಕಬ್ಬಿಣ ಗುಜರಿಯಲ್ಲಿ ಸಿಗುತ್ತದೆ, ಲೇತಿನ ಕೆಲಸ ಒಂದು ಗಂಟೆಯದು, ಬ್ಯಾಟರಿ ಪಕ್ಕದವರ ಟ್ರ್ಯಾಕ್ಟರಿನದು. ಒಬ್ಬೊಬ್ಬರೂ ಒಂದೊಂದು ಮಾಡಿಕೊಳ್ಳುವ ವಸ್ತುವೂ ಇದಲ್ಲ. ಸುತ್ತಲ ಹತ್ತು ಹಳ್ಳಿಗೆ ಒಂದು ಚಾರ್ಜರ್ ಧಾರಾಳ ಸಾಕು. ಊರಿನ ವೈಂಡಿಂಗ್ ಅಂಗಡಿಯವರಿಗೆ ಈ ಅಳತೆ ತೋರಿಸಿದರೆ ಅವರೇ ಮಾಡಿಟ್ಟುಕೊಂಡಾರು.

ಇಷ್ಟು ಹೇಳಿದ್ದರಲ್ಲಿ ಚಾರ್ಜರ್ ಮರೆತರೂ ಚಿಂತೆಯಿಲ್ಲ, ಎರಡು ಮಾತು ಮರೆಯಬೇಡಿ. ಮ್ಯಾಗ್ನೆಟ್ಟನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ. ಬಿಚ್ಚಿದ ಮ್ಯಾಗ್ನೆಟ್ಟನ್ನು ಕೀಪರ್ ಇಲ್ಲದೆ ಒಂದು ಗಳಿಗೆಯೂ ಇಡಬೇಡಿ. ಮುಂಗಾರಿಗೆ ಮುಂಚೆ, ಕೂರಿಗೆ ರಿಪೇರಿ ಮಾಡುವ ದಿನಗಳಲ್ಲೇ ಎಂಜಿನ್ ಹೊರಗೆ ತೆಗೆದು ಒಂದು ಸಾರಿ ಓಡಿಸಿ ನೋಡಿ. ಬೆಳೆ ಬಾಡಿದ ಮೇಲೆ ಸ್ಪ್ಯಾನರ್ ಹುಡುಕುವುದಕ್ಕಿಂತ ಅದು ಸುಲಭ. ಆಲ್ನಿಕೋ ಮ್ಯಾಗ್ನೆಟ್ಟನ್ನು ಊರಿನಲ್ಲೇ ಪೂರ್ತಿ ಚಾರ್ಜ್ ಮಾಡಿದ ಕೃಷಿಕರು ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ, ನಾವೂ ಕಲಿಯುತ್ತೇವೆ.